ವಿಭೂತಿ ಹಚ್ಚಿಸಿಕೊಂಡ ಕಂಪ್ಯೂಟರ್

ಹಣಿಗೆ ವಿಭೂತಿ ಹಚ್ಚಿದರ ಏಳೂದಿಲ್ಲ, ಬೆನ್ನಿಗೆ ಬೆರಳಿಟ್ಟರ ಎದ್ದು ಕುಂಡ್ರತೈತಿ. ಏನದು? ಬಿಡ್ರಿ, ನಿಮಗ ಗೊತ್ತಾಗೂದಿಲ್ಲ.

ಮುಂಡರಗಿಯಾಗ ಫೋಟೋ ಸ್ಟುಡಿಯೋ ಇಟ್ಟಿರೋ ಸಂಗಪ್ಪಣ್ಣನ ಕಂಪ್ಯೂಟರ್ ಅಮಾಸಿ ಪೂಜಾ ಮುಗಿದ ಮರುದಿನ ಚಾಲೂ ಆಗಲಿಲ್ಲ. ಒಂದು ಮದುವಿಯ ಅಷ್ಟೂ ಫೋಟೋ ಅದರೊಳಗಿದ್ದವು. ಸಂಜಿಗೆ ಅವನ್ನ ಒಯ್ಯಾಕ ಬರಾಂವ ಮದುಮಗಳ ಅಪ್ಪ, ಗರಡಿ ಪೈಲ್ವಾನ. ಕಂಪ್ಯೂಟರ್ ರಿಪೇರಿ ಮಾಡೋ ನಾನು ಗದಗದಿಂದ ಪೆನ್ ಡ್ರೈವ್ ಹಿಡಕೊಂಡು ಬಸ್ ಹತ್ತಿದೆ. ಕಂಪ್ಯೂಟರಿನ ಸ್ವಂತ ಬುದ್ಧಿ ಕೆಟ್ಟಾಗ ಪೆನ್ ಡ್ರೈವಿನಾಗಿನ ಬುದ್ಧಿ ಎರವಲು ಕೊಟ್ಟು ಎಬ್ಬಿಸಬಹುದು.

ಸ್ಟುಡಿಯೋಕ್ಕ ಹೋಗಿ ಕಂಪ್ಯೂಟರಿನ ಮುಂದಿನ ತೂತಿಗೆ ಪೆನ್ ಡ್ರೈವ್ ಚುಚ್ಚಿದರ ಒಳಗ ಹೋಗವಲ್ದು.

“ಅಣ್ಣಾ, ಇದರಾಗ ಏನ್ ತುಂಬೀರಿ?”

“ವಿಭೂತಿಲೇ. ಮೂರು ಬೆರಳು ಎಳಿಯಾಕ ಅಲ್ಲೇ ಜಾಗಾ ಇತ್ತು.”

“ಪಾಪ, ಕಂಪ್ಯೂಟರ್ ಸಮಾಧಿ ಆಗೇತಿ!”

“ನಗಬ್ಯಾಡಲೇ, ಪೈಲ್ವಾನ ನನಗ ಸಮಾಧಿ ಕಟ್ಟತಾನ!”

ಹಿಂದಿನ ತೂತಿಗೆ ಚುಚ್ಚಿ, ಪೆನ್ ಡ್ರೈವಿನಿಂದಲೇ ಶುರುವಾಗು ಅಂತ ಆಯ್ಕೆ ಒತ್ತಿದೆ. ಪರದೆ ಬೆಳಗಿತು. ಆದರ ಅದರ ಮ್ಯಾಲೆ ದಿನಾ ಇರತಿದ್ದ ಈಶ್ವರನ ಚಿತ್ರ ಇಲ್ಲ, ಫೋಟೋನೂ ಇಲ್ಲ.

“ಎಲ್ಲಾ ಅಳಿಸಿದೇನಲೇ?” ಸಂಗಪ್ಪಣ್ಣ ಬೆವತ.

ಚ್ಯಾಷ್ಟಿಗಿ “ಹೂಂ” ಅಂದೆ. ಅವನ ಕಣ್ಣಾಗ ನೀರು ಬಂದಾಗ, ಈ ಪರದೆ ಪೆನ್ ಡ್ರೈವಿನದು, ಫೋಟೋ ಕಂಪ್ಯೂಟರಿನೊಳಗ ಅದಾವು ಅಂತ ಹೇಳಿ ಜಲ್ದಿ ಅದರ ಹಳೇ ಡಿಸ್ಕ್ ತೆರೆದೆ. ಮದುಮಗಳು ಹಲ್ಲು ಕಿಸಿದು ನಿಂತಿದ್ದಳು. ಫೋಟೋ ಎಲ್ಲಾ ಬ್ಯಾರೆ ಡಿಸ್ಕಿಗೆ ಹಾಕಿಕೊಟ್ಟೆ.

ಪೈಲ್ವಾನ ಬಂದು ನನ್ನನ್ನ ತನ್ನ ಹೆಗಲ ಮ್ಯಾಲೆ ಹೊತ್ತು ಊರೆಲ್ಲಾ ಮೆರೆಸಿದ.

ಈ ಮೆರವಣಿಗಿ ನಾನು ಕಟ್ಟಿದ ಸುಳ್ಳು. ಖರೆ ಅಂದ್ರ ಸಂಗಪ್ಪಣ್ಣ ಖುಷಿಯಾಗಿ ನನ್ನ ಪೆನ್ ಡ್ರೈವಿಗೂ ವಿಭೂತಿ ಹಚ್ಚಾಕ ಬಂದ. ನಾನು ಅದನ್ನ ಕಿತ್ತುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ.