ಜರ್ಮನಿ ಪಿಸ್ತೂಲಿಗೆ ಒಂದು ಹನಿ ಎಣ್ಣೆ

ನರಗುಂದದ ಸಂತೆಯಲ್ಲಿ ಅಂದು ಇಸ್ಮಾಯಿಲಸಾಬ ಎಂದಿನಂತೆ ಬಲೂನಿನ ಹಲಗೆ ನಿಲ್ಲಿಸಿದ. ಹೆಂಡತಿ ಚಮನಬಿ ಎಂದಿನಂತೆ ಬಲೂನು ಊದಿದಳು. ತಮ್ಮ ತನ್ವೀರ ಎಂದಿನಂತೆ ತಡವಾಗಿ ಬಂದ.

ತನ್ವೀರನ ಬಳಿ ಉದ್ದನೆಯ ಏರ್‌ಗನ್ನುಗಳಿದ್ದವು. ಅವುಗಳ ಗುರಿಮಣಿಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿದ್ದ. ಎಷ್ಟೇ ನೆಟ್ಟಗೆ ಹಿಡಿದರೂ ಗುಂಡು ಬಲೂನಿನ ಪಕ್ಕಕ್ಕೆ ಹೋಗುತ್ತಿತ್ತು. ಇಸ್ಮಾಯಿಲಸಾಬನದು ಒಂದೇ ಒಂದು ಹಳೆಯ ಜರ್ಮನಿ ಪಿಸ್ತೂಲು. ಅದರ ಗುರಿಮಣಿಗೆ ಅವನು ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಜನ ಪಾಳಿ ಹಚ್ಚುತ್ತಿದ್ದದ್ದು ಅದಕ್ಕೇ.

"ಭಾಯಿ, ಬಂದವರೆಲ್ಲಾ ಬಲೂನು ಒಡಕೊಂಡು ಹೋದ್ರ ನಾವೇನು ಗಾಳಿ ತಿನ್ನೂದ?" ಎಂದ ತನ್ವೀರ.

"ನಿನ್ನ ಬಂದೂಕಿಲೆ ನೀನ ಒಂದು ಒಡದು ತೋರಸು. ಆಮ್ಯಾಲೆ ಮಾತಾಡು."

ಪಾಳಿಯಲ್ಲಿದ್ದ ಅಬ್ಬಿಗೇರಿಯ ದುರ್ಗೇಶ ನಕ್ಕುಬಿಟ್ಟ. "ಸಾಬರ, ಅವನ ಬಂದೂಕು ಬಲೂನು ನೋಡೂದಿಲ್ರಿ, ಮಾವನ ಮನಿ ಕಡೆ ನೋಡತೈತಿ!"

ತನ್ವೀರ ಸಿಟ್ಟಿನಿಂದ ಬಂದೂಕು ಕಟ್ಟಿಕೊಂಡು ಮೊದಲಿನ ಬಸ್ಸಿಗೇ ಊರಿಗೆ, ಗಜೇಂದ್ರಗಡಕ್ಕೆ, ಹೋದ. ಸಂಜೆ, ಎಂದೂ ಇಬ್ಬರು ಹೊರುತ್ತಿದ್ದ ಆ ಭಾರದ ಹಲಗೆಯನ್ನು ಇಸ್ಮಾಯಿಲಸಾಬ ಒಬ್ಬನೇ ಹೊತ್ತು ಬಸ್ ನಿಲ್ದಾಣಕ್ಕೆ ನಡೆದ. ನಡುವೆ ಎರಡು ಸಲ ಕೂತ. ಚಮನಬಿ ಅದನ್ನು ಮರೆತಿಲ್ಲ. ಮರೆಯುವುದೂ ಇಲ್ಲ.

ಪಿಸ್ತೂಲು ಅವನ ಅಜ್ಜನ ಕಾಲದ್ದು. ಎರಡನೇ ಮಹಾಯುದ್ಧಕ್ಕೂ ಮೊದಲು ಮುಂಬೈಯಲ್ಲಿ ಕೊಂಡು ತಂದ ದೇಸಾಯರೊಬ್ಬರು, ಅದು ಕೆಟ್ಟು ನಿಂತ ಮೇಲೆ ಅಜ್ಜನಿಗೆ ಕೊಟ್ಟರಂತೆ. ಇದು ಚಮನಬಿ ತನ್ನ ಮಾವನ ಬಾಯಿಂದ ಕೇಳಿದ ಮಾತು. ಖರೆಯೋ ಸುಳ್ಳೋ, ನೋಡಿದವರು ಯಾರೂ ಉಳಿದಿಲ್ಲ. ಜರ್ಮನಿಯವರು ಅದನ್ನು ಮನೆಯಲ್ಲಿ ಕೂತು ಗುರಿಯಾಟ ಆಡಲಿಕ್ಕೆ ಮಾಡಿದ್ದಂತೆ. ಕಪ್ಪು ಉಕ್ಕು, ಕಟ್ಟಿಗೆಯ ಹಿಡಿ, ಮೇಲೆ ಊರಲ್ಲಿ ಯಾರಿಗೂ ಓದಲು ಬಾರದ ಅಕ್ಷರ.

ಕೊಳವೆಯನ್ನು ಕೆಳಕ್ಕೆ ಪೂರ್ತಿ ಮಡಚಿದರೆ ಒಳಗಿನ ಸ್ಪ್ರಿಂಗು ಹಿಂದಕ್ಕೆ ಸರಿದು ಕೊಕ್ಕೆಗೆ ಸಿಗುತ್ತದೆ. ಸೀಸದ ಗುಂಡಿಟ್ಟು ಕೊಳವೆ ಮುಚ್ಚಿ ಟ್ರಿಗರ್ ಒತ್ತಿದರೆ ಸ್ಪ್ರಿಂಗು ಮುಂದಕ್ಕೆ ಹಾರಿ ಗಾಳಿಯನ್ನು ಹಿಸುಕುತ್ತದೆ. ಆ ಗಾಳಿಯೇ ಗುಂಡನ್ನು ನೂಕುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ. ಗಾಳಿ ಸೋರದಂತೆ ತಡೆಯುವುದು ಸ್ಪ್ರಿಂಗಿನ ಮುಂದಿರುವ ತೊಗಲಿನ ಪುಟ್ಟ ಬಟ್ಟಲು. ಅದು ಒಣಗಿದರೆ ಪಿಸ್ತೂಲು ಸತ್ತ ಹಾಗೆ. ಅದಕ್ಕೇ ದಿನಾ ಮುಂಜಾನೆ ಹೊಲಿಗೆ ಮಷಿನಿನ ಎಣ್ಣೆ, ಒಂದೇ ಹನಿ.

"ನನ್ನ ತಲಿಗಿ ವಾರಕ್ಕೊಮ್ಮಿ ಎಣ್ಣಿ, ಅದಕ್ಕ ದಿನಾನೂ?" ಎಂದು ಚಮನಬಿ ಕೆಣಕುತ್ತಿದ್ದಳು.

"ನೀ ಒದರಿ ಕೇಳ್ತಿ. ಅದಕ್ಕ ಬಾಯಿಲ್ಲ."

ನರಗುಂದದಿಂದ ಬಂದ ಮರುದಿನ ನಸುಕಿನಲ್ಲಿ ಇಸ್ಮಾಯಿಲಸಾಬ ಎದೆ ಹಿಡಿದುಕೊಂಡು ಕೂತ. ದವಾಖಾನೆ ಮುಟ್ಟುವ ಮೊದಲೇ ಮುಗಿಯಿತು. ಎಣ್ಣೆಯ ಬಾಟಲಿ ಗೂಡಿನಲ್ಲೇ ಇತ್ತು. ಅಂದು ಪಿಸ್ತೂಲಿಗೆ ಎಣ್ಣೆ ಬೀಳಲಿಲ್ಲ.

ಚಮನಬಿ ಇದ್ದತ್ತಿಗೆ ಕೂತಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಸಿಂಗಾರ ಬಿಟ್ಟು ಮನೆಯಲ್ಲಿರಬೇಕು. ಮಣ್ಣು ಮುಗಿದ ಕೆಲವು ದಿನಕ್ಕೆ ಅವಳು ಎಣ್ಣೆ ಬಾಟಲಿ ಕೈಗೆತ್ತಿಕೊಂಡಾಗ ತನ್ವೀರ ಬಾಗಿಲಲ್ಲಿ ನಿಂತಿದ್ದ.

"ಭಾಭಿ, ಇದ್ದತ್ತಿನಾಗ ಎಣ್ಣಿ ಮುಟ್ಟಬಾರದು, ಪಾಪ. ಗುನಾ ಆಗತೈತಿ. ಇಲ್ಲಿ ಕೊಡ್ರಿ, ನಾ ನೋಡಕೋತೀನಿ."

ಅವನು ಮದರಸಾಕ್ಕೆ ಹೋದವನು. ಅವಳು ಸಾಲಿಯ ಮೆಟ್ಟಿಲು ಸರಿಯಾಗಿ ಹತ್ತಿದವಳಲ್ಲ. ನಂಬಿದಳು. ಪಿಸ್ತೂಲು ಕೊಟ್ಟಳು. ಹೊಟ್ಟೆಗೆ ಇದ್ದದ್ದು ಅದೊಂದೇ ಎಂಬುದು ಕೊಡುವಾಗಲೂ ಅವಳಿಗೆ ಗೊತ್ತಿತ್ತು.

ಇದ್ದತ್ತು ಮುಗಿಯುವ ಹೊತ್ತಿಗೆ ಓಣಿಯ ಹಿರಿಯಳು ಗುಲ್ಷನ ಬಂದಳು. ಪಿಸ್ತೂಲಿನ ಸಂಗತಿ ಕೇಳಿ ಹಣೆ ಬಡಿದುಕೊಂಡಳು.

"ತಲಿಗಿ ಎಣ್ಣಿ ಬ್ಯಾಡ, ಅತ್ತರ ಬ್ಯಾಡ ಅಂತ ಐತಿ. ಸಿಂಗಾರ ಬ್ಯಾಡ ಅಂತ. ಮಷಿನಿನ ಎಣ್ಣಿ ಯಾವ ಸಿಂಗಾರ ಆತ? ಮತ್ತ ಒಗ್ಗರಣಿಗಿ ಏನು ನೀರು ಹಾಕೀಯೇನ?"

"ತನ್ವೀರ ಹೇಳಿದ್ನಲ್ಲ ಖಾಲಾ."

"ಅಂವಾ ಹೇಳ್ತಾನ. ಕೇಳೂ ಕಿವಿ ನಿಂದಲ್ಲೇನ?"

ಚಮನಬಿ ತನ್ವೀರನನ್ನು ಕರೆಸಿದಳು. ಅವನು ಪಿಸ್ತೂಲನ್ನು ಚೀಲದಿಂದ ತೆಗೆದು ನೆಲಕ್ಕೆ ಹಾಕಿದ. ಒಂದು ದಿನವೂ ಎಣ್ಣೆ ಬಿಟ್ಟಿರಲಿಲ್ಲ. ತೊಗಲು ಒಣಗಿ ಗುಂಡು ಬಲೂನಿಗೆ ಬಡಿದು ಕೆಳಗೆ ಬೀಳತೊಡಗಿದಾಗ, ಗಾಡಿಯ ಎಂಜಿನ್ ಎಣ್ಣೆಯನ್ನು ತುಂಬ ಸುರಿದಿದ್ದ. ಹಿಸುಕಿದ ಗಾಳಿಯ ಕಾವಿಗೆ ಎಣ್ಣೆ ಒಳಗೇ ಹೊತ್ತಿ, ಢಂ ಎಂದು ಹೊಗೆ ಬಂತು. ತೊಗಲು ಸುಟ್ಟಿತು, ಸ್ಪ್ರಿಂಗು ಮುರಿಯಿತು.

"ಹುಬ್ಬಳ್ಳ್ಯಾಗ ಒಬ್ಬಾಂವ ಹಳೇ ಜರ್ಮನಿ ಸಾಮಾನ ಕೂಡಿಸ್ತಾನ. ಮುರದದ್ದೂ ತಗೋತಾನ. ಮಾರಿ ಬಿಡೂಣು."

"ಕೆಡಸಿದ್ದು ನೀನು. ಮಾರೂದೂ ನೀನೇನ?"

"ಮತ್ತೇನ ಮಾಡ್ತೀರಿ? ಹೆಂಗಸು ಸಂತ್ಯಾಗ ಬಂದೂಕು ಇಟ್ಟಗೊಂಡು ಕೂಡತೀರೇನು?"

"ಇಷ್ಟು ವರ್ಷ ಬಲೂನು ಊದೂವಾಗ ನಾ ಗಂಡಸಾಗಿದ್ನೇನು? ಎದ್ದು ಹೋಗು. ಆ ಹಲಗಿ ಹೊರಸಿ ನಿಮ್ಮಣ್ಣನ್ನ ಕೊಂದಿ. ಇದನ್ನೂ ಕೊಂದಿ. ಇನ್ನ ಈ ಹೊಸ್ತಿಲಾ ದಾಟಬ್ಯಾಡ."

ಹಲಗೆಯ ಮಾತು ಬಂದಾಗ ತನ್ವೀರ ಚೀಲ ಎತ್ತಿಕೊಂಡ. ಹೋದ.

ಇದ್ದತ್ತು ಮುಗಿದ ಮೇಲೆ ಚಮನಬಿ ಗಂಡನ ಸೈಕಲ್ ಪಂಪು ಬಿಚ್ಚಿದಳು. ಅದರೊಳಗೂ ತೊಗಲಿನ ಬಟ್ಟಲೇ ಇರುತ್ತದೆ. ಗಂಡ ಅದನ್ನು ಕತ್ತರಿಸಿ ಹೊಂದಿಸುತ್ತಿದ್ದುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಒಂದು ಹಾಳಾಯಿತು. ಇನ್ನೊಂದು ಪಂಪು ಬೇಡಿ ತಂದಳು. ಸ್ಪ್ರಿಂಗನ್ನು ರೋಣದ ಒಬ್ಬ ಮೇಸ್ತ್ರಿಯಿಂದ ಸುತ್ತಿಸಿದಳು. ಪಿಸ್ತೂಲು ಈಗ ಹೊರಗೆ ಜರ್ಮನಿ, ಒಳಗೆ ರೋಣ. ಮೊದಲಿನ ಜೋರಿಲ್ಲ. ಹಲಗೆಯನ್ನು ಒಂದು ಹೆಜ್ಜೆ ಹತ್ತಿರ ನಿಲ್ಲಿಸುತ್ತಾಳೆ, ಅಷ್ಟೇ.

ನರಗುಂದದ ಸಂತೆಯಲ್ಲಿ ತನ್ವೀರ ಎದುರಿಗೇ ಕೂರುತ್ತಾನೆ. ಪಾಳಿ ಇರುವುದು ಚಮನಬಿಯ ಮುಂದೆ. ಮೊನ್ನೆ ಅವನ ಏರ್‌ಗನ್ನಿನ ತೊಗಲು ಒಣಗಿತು. ಮೋರೆ ಕೆಳಗೆ ಹಾಕಿಕೊಂಡು ಬಂದ.

"ಭಾಭಿ, ಒಂದು ತೊಗಲು ಕೊಯ್ದು ಕೊಡ್ರಿ. ಒಂದೀಟು ಎಣ್ಣಿನೂ."

"ನಾ ಎಣ್ಣಿ ಮುಟ್ಟಬಾರದಲ್ಲ? ಗುನಾ ಆಗತೈತಿ."

ಪಾಳಿಯಲ್ಲಿದ್ದವರಿಗೆ ತಿಳಿಯಲಿಲ್ಲ. ತನ್ವೀರನಿಗೆ ತಿಳಿಯಿತು. ತಿರುಗಿ ಹೋದ. ಅವಳು ಕರೆಯಲಿಲ್ಲ.

ದಿನಾ ಮುಂಜಾನೆ, ಚಹಾಕ್ಕೆ ನೀರಿಡುವ ಮೊದಲು, ಚಮನಬಿ ಗೂಡಿನಿಂದ ಬಾಟಲಿ ತೆಗೆಯುತ್ತಾಳೆ. ಕೊಳವೆಯನ್ನು ಅರ್ಧಕ್ಕಷ್ಟೇ ಮಡಚುತ್ತಾಳೆ, ಸ್ಪ್ರಿಂಗು ಕೊಕ್ಕೆಗೆ ಸಿಗದಂತೆ. ಗಾಳಿ ಹೊರಡುವ ತೂತಿಗೆ ಒಂದು ಹನಿ ಬಿಡುತ್ತಾಳೆ. ಒಳಗೆ ಇಳಿಯುವವರೆಗೆ ಪಿಸ್ತೂಲನ್ನು ನೆಟ್ಟಗೆ ಹಿಡಿದುಕೊಂಡು ಕೂರುತ್ತಾಳೆ. ಆಮೇಲೆ ಸೆರಗಿನಿಂದ ಒರೆಸಿ ಮುಚ್ಚುತ್ತಾಳೆ.