ಬಿಳಿ ಬಣ್ಣದ ಗೀರು

ಗ್ರೆಗರಿಯಣ್ಣ, ನಿಮ್ಮನ್ನು ಮೋಸಗಾರ ಎಂದು ಮೊದಲು ಹೇಳಿದವಳು ನಾನು. ನೀವು ಮೋಸಗಾರರಲ್ಲ ಎಂದು ಗೊತ್ತಾದ ಮೇಲೂ ಅದೇ ಮಾತನ್ನು ಇನ್ನೊಮ್ಮೆ ಹೇಳಿದವಳೂ ನಾನೇ. ಮೊದಲನೆಯದು ನಿಮ್ಮ ಕಿವಿಗೆ ಬಿದ್ದಿದೆ. ಎರಡನೆಯದನ್ನು ಇಷ್ಟು ವರ್ಷ, ಮೊನ್ನೆಯವರೆಗೆ, ಯಾರಿಗೂ ಹೇಳಿರಲಿಲ್ಲ—ನನ್ನ ಗಂಡನಿಗೂ.

ಈ ಅರಬ್ ನಾಡಿನಲ್ಲಿ ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಸೀಫ್‌ನ ಇನ್ಶೂರೆನ್ಸ್ ಆಫೀಸಿನಲ್ಲಿ ಕಾರಿನ ಕ್ಲೇಮ್‌ಗಳನ್ನು ನೋಡುವುದು. ಸರಿಯಾಗಿ ಹೇಳಬೇಕೆಂದರೆ, ಅನುಮಾನ ಪಡುವುದಕ್ಕೇ ನನಗೆ ಸಂಬಳ. ಎದುರಿನ ಕುರ್ಚಿಯಲ್ಲಿ ಕುಳಿತವರು "ಕಾರು ನಿಲ್ಲಿಸಿದ್ದೆ, ಯಾರೋ ಹೊಡೆದು ಹೋದರು" ಎಂದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತಿತ್ತು. ಹೊಡೆದವನಿಗೆ ಇನ್ಶೂರೆನ್ಸ್ ಇದ್ದರೆ ತೊಂದರೆಯಿಲ್ಲ, ಅವನ ಕಂಪನಿ ಕೊಡುತ್ತದೆ. ಅವನದು ಅವಧಿ ಮುಗಿದು ಬಿದ್ದಿದ್ದರೆ, ಏಟು ತಿಂದವರು ತಮ್ಮದೇ ಫುಲ್ ಇನ್ಶೂರೆನ್ಸಿನಲ್ಲಿ ರಿಪೇರಿ ಮಾಡಿಸಿಕೊಳ್ಳಬಹುದು. ಕಂಪನಿ ಆಮೇಲೆ ಹೊಡೆದವನ ಬೆನ್ನು ಹತ್ತಿ ವಸೂಲಿ ಮಾಡುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದವರಿಗೆ ಆ ಭಾಗ್ಯವೂ ಇಲ್ಲ, ತಮ್ಮ ಕಾರನ್ನು ತಾವೇ ಮಾಡಿಸಿಕೊಳ್ಳಬೇಕು. ಆದರೆ ಹೊಡೆದವನು ಯಾರೆಂದೇ ಗೊತ್ತಿಲ್ಲದಿದ್ದರೆ? ಬೆನ್ನು ಹತ್ತಲು ಯಾರೂ ಸಿಗುವುದಿಲ್ಲ. ಆಗ ಕಂಪನಿ ದೂರು ತಂದವನ ಮುಖವನ್ನೇ ನೋಡಲು ಶುರುಮಾಡುತ್ತದೆ. ಕಂಪನಿಯ ಪರವಾಗಿ ಆ ಮುಖವನ್ನು ನೋಡುವವಳು ನಾನು.

ನೀವು ಬುಸೈತೀನಿನಲ್ಲಿ ನಮ್ಮದೇ ಬಿಲ್ಡಿಂಗಿನವರು, ನಮ್ಮ ಮೇಲಿನ ಫ್ಲ್ಯಾಟು. ಹಗಲೆಲ್ಲ ಬೇರೆಯವರ ಮನೆಯ ಎಸಿ ರಿಪೇರಿ. ರಜೆಯ ದಿನ ನಿಮ್ಮ ಹೆಂಡತಿ ಐರಿನಕ್ಕ ಮಾಡಿದ ಅಡುಗೆಯನ್ನು ಕಾರಿನಲ್ಲಿಟ್ಟುಕೊಂಡು ಊರಿನ ಹುಡುಗರ ರೂಮುಗಳಿಗೆ ಹಂಚುವುದು. ನೀವು ಲಿಫ್ಟಿಗೆ ಬಂದರೆ ಹುರಿದ ಮಸಾಲೆಯ ಪರಿಮಳವೂ ಒಳಗೆ ಬರುತ್ತಿತ್ತು. ಕಾರು ಬ್ಯಾಂಕಿನ ಸಾಲದಲ್ಲಿ ತೆಗೆದುಕೊಂಡದ್ದು, ಹಾಗಾಗಿ ಫುಲ್ ಇನ್ಶೂರೆನ್ಸ್ ಇತ್ತು. ಅದನ್ನು ಮಾಡಿಸಿಕೊಟ್ಟವಳೂ ನಾನೇ.

ಆ ದಿನ ನೀವು ನನ್ನ ಮೇಜಿನ ಎದುರು ಬಂದು ಕುಳಿತಿರಿ. ಎಡಗಡೆಯ ಎರಡೂ ಬಾಗಿಲು ಒಳಗೆ ಹೋಗಿದ್ದವು, ಬೆಳ್ಳಿ ಬಣ್ಣದ ಮೇಲೆ ಉದ್ದಕ್ಕೆ ಬಿಳಿ ಗೀರು.

"ಬೆಳಿಗ್ಗೆ ಬಂದು ನೋಡುವಾಗ ಹೀಗೆ ಆಗಿದೆ ಮೇಡಂ. ಯಾರು ಹೊಡೆದದ್ದೋ ಗೊತ್ತಿಲ್ಲ."

ಮೇಡಂ! ಲಿಫ್ಟಿನಲ್ಲಿ ಸಿಕ್ಕಾಗ "ನಳಿನಿ, ಮಗಳಿಗೆ ಜ್ವರ ಕಮ್ಮಿ ಉಂಟಾ?" ಎಂದು ಕೇಳುವ ಮನುಷ್ಯ ನನ್ನನ್ನು ಮೇಡಂ ಎಂದದ್ದು ನನಗೆ ಸರಿಬರಲಿಲ್ಲ. ಎಷ್ಟು ಹೊತ್ತಿಗೆ ನಿಲ್ಲಿಸಿದಿರಿ, ಸದ್ದು ಕೇಳಲಿಲ್ಲವೇ, ವಾಚ್‌ಮನ್ ಏನು ಹೇಳಿದ—ನಾನು ಬಿಡದೆ ಕೇಳಿದೆ. ನೀವು ತಡವರಿಸಿದಿರಿ. ಒಮ್ಮೆ ಆಚೆ ಈಚೆ ನೋಡಿದಿರಿ. ಆಮೇಲೆ, ಪಕ್ಕದ ಮೇಜಿನವನು ಫೋನೆತ್ತಿಕೊಂಡು ಎದ್ದುಹೋದಾಗ, ನನ್ನ ಕಡೆ ನೋಡಿ ಮೆಲ್ಲಗೆ ನಕ್ಕಿರಿ.

ಆ ನಗು—ಅದೇ ನಿಮ್ಮನ್ನು ಮುಗಿಸಿತು. ನಾವು ಒಂದೇ ಕಡೆಯವರು, ಒಂದೇ ಬಿಲ್ಡಿಂಗಿನವರು, ನೀನು ಕಣ್ಣು ಮುಚ್ಚಿಕೋ ಎನ್ನುವ ನಗು ಅದು ಎಂದುಕೊಂಡೆ. ನನ್ನ ಮೈ ಉರಿಯಿತು. ನಮ್ಮವರ ಕಳ್ಳಾಟ ನನಗೆ ಗೊತ್ತಿಲ್ಲವೇ ಎಂಬ ಜಂಬ ಬೇರೆ. ನಮ್ಮ ಪಾರ್ಕಿಂಗಿನ ಕಂಬಗಳಿಗೆ ಬಳಿದದ್ದು ಬಿಳಿ ಬಣ್ಣ. ನೀವೇ ತಿರುಗಿಸುವಾಗ ಕಂಬಕ್ಕೆ ಉಜ್ಜಿ, ಅದನ್ನು ಯಾರದೋ ತಲೆಗೆ ಕಟ್ಟುತ್ತಿದ್ದೀರಿ ಎಂದು ತೀರ್ಮಾನಿಸಿದೆ. ಸುಳ್ಳು ಹೇಳಿಕೆ ಕೊಟ್ಟರೆ ಕ್ಲೇಮ್ ಇಲ್ಲ—ಅದು ನಮ್ಮಲ್ಲಿ ನಿಯಮ. ತಿರಸ್ಕರಿಸಬಹುದು ಎಂದು ಬರೆದು ಮುಂದೆ ಕಳಿಸಿದೆ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಶುಕ್ರವಾರ ನಮ್ಮ ಊರಿನವರ ಸಂಘದ ಊಟದಲ್ಲಿ ಗೆಳತಿ ವಾಸಂತಿ ನನ್ನ ಪಕ್ಕ ಕುಳಿತಿದ್ದಳು. ಮಗನ ಹುಟ್ಟುಹಬ್ಬಕ್ಕೆ ಐರಿನಕ್ಕನಿಗೇ ಅಡುಗೆ ಹೇಳಿದ್ದೇನೆ ಎಂದಳು.

"ಆ ಮನೆಯವರ ಹತ್ರ ಸ್ವಲ್ಪ ಹುಷಾರು ಮಾರಾಯ್ತಿ" ಎಂದೆ. ಯಾಕೆ ಏನು ಎಂದು ಅವಳು ಪೀಡಿಸಿದಳು. ಹೇಳಬಾರದು ಹೇಳಬಾರದು ಎನ್ನುತ್ತಲೇ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅದನ್ನು ಎಲ್ಲಿಗೆಲ್ಲ ತಲುಪಿಸಿದಳೆಂದು ನಿಮಗೇ ಚೆನ್ನಾಗಿ ಗೊತ್ತು. ಅಡುಗೆ ಹೇಳುವವರಿಲ್ಲದೆ ಐರಿನಕ್ಕನ ಫೋನು ಸುಮ್ಮನಾಯಿತು.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲದ್ದು.

ಮರುವಾರ ನಾನು ದಿನೇಶನ ಕಾರಿನ ಹಿಂದೆ ನಿಂತಿದ್ದೆ, ಡಿಕ್ಕಿಯಿಂದ ಸಾಮಾನು ಇಳಿಸಲು. ಗಂಡನ ಕಾರನ್ನು ಯಾರು ನೋಡುತ್ತಾರೆ? ಆದರೆ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತ್ತು. ಹಿಂದಿನ ಒಂದು ದೀಪ ಮಾಸಿತ್ತು, ಇನ್ನೊಂದು ಹೊಚ್ಚ ಹೊಸದು. ಅದರ ಕೆಳಗೆ ಬಂಪರಿನ ಮೂಲೆಗೆ ಮಾತ್ರ ಹೊಸ ಬಣ್ಣ. ಬಿಳಿ ಬಣ್ಣ—ನಮ್ಮ ಕಾರಿನದು. ಮೊದಲು ಏನೇನೋ ಅನುಮಾನ ಬಂತು. ಇವನು ನನಗೆ ಹೇಳದೆ ಎಲ್ಲಿಗೆ ಹೋಗಿದ್ದ, ಜೊತೆಗೆ ಯಾರಿದ್ದರು... ಕಂಬದ ಆಚೆ ಬಾಗಿಲು ಒಳಗೆ ಹೋದ ನಿಮ್ಮ ಕಾರು ನಿಂತಿತ್ತು. ಅದನ್ನು ನೋಡಿದೆ. ದೀಪವನ್ನು ನೋಡಿದೆ. ಕೈಯಲ್ಲಿದ್ದ ಅಕ್ಕಿಯ ಚೀಲವನ್ನು ಕೆಳಗಿಟ್ಟೆ.

"ನಿಮ್ಮ ಕಾರಿನ ಇನ್ಶೂರೆನ್ಸ್ ಯಾವಾಗ ಮುಗಿದದ್ದು?" ಎಂದು ದಿನೇಶನನ್ನು ಕೇಳಿದೆ.

ದಿನೇಶ ಒಪ್ಪಿಕೊಂಡ. ಮಾಡಿಸಿದ್ದೇನೆ ಎಂದು ನನಗೆ ಹೇಳಿದ್ದ, ಮಾಡಿಸಿರಲಿಲ್ಲ. ನಾಳೆ ನಾಡಿದ್ದು ಎಂದು ಮುಂದೆ ಹಾಕಿದ್ದ. ಊರಿಗೆಲ್ಲ ಇನ್ಶೂರೆನ್ಸ್ ಮಾಡಿಸಿಕೊಡುವವಳ ಮನೆಯ ಕಾರೇ ಇನ್ಶೂರೆನ್ಸ್ ಇಲ್ಲದೆ ಓಡಾಡುತ್ತಿತ್ತು. ರಿವರ್ಸ್ ತೆಗೆಯುವಾಗ ನಿಮ್ಮ ಕಾರಿಗೆ ಹೊಡೆದಿದ್ದ. ಓಡಿಹೋಗದೆ ಮೇಲೆ ಬಂದು ನಿಮ್ಮ ಬೆಲ್ ಒತ್ತಿದ್ದ—ಅಷ್ಟು ಒಳ್ಳೆಯತನವನ್ನು ಮಾಡಿದ್ದ.

"ಗ್ರೆಗರಿಯಣ್ಣನೇ ಹೇಳಿದ್ರು, ನನ್ನದು ಫುಲ್ ಉಂಟು, ಯಾರೋ ಹೊಡೆದು ಹೋದ್ರು ಅಂತ ಹೇಳ್ತೇನೆ, ನೀವು ತಲೆಬಿಸಿ ಮಾಡ್ಬೇಡಿ ಅಂತ" ಎಂದ.

"ನಾನು ಅಲ್ಲಿ ಕೂತಿದ್ದೇನೆ ಅಂತ ನಿಮಗೆ ನೆನಪಾಗ್ಲಿಲ್ವಾ?"

"ನಳಿನಿಗೆ ನಾನು ಹೇಳಿರ್ತೇನೆ ಅಂದಿದ್ದೆ." ತಲೆ ತಗ್ಗಿಸಿದ. "ಹೇಳ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಮರುದಿನ ಅವರು ಕೇಳಿದಾಗ ಹೇಳಿದ್ದೇನೆ ಅಂದುಬಿಟ್ಟೆ."

ನಿಮ್ಮ ನಗು ಆಗ ನನಗೆ ಅರ್ಥವಾಯಿತು, ಗ್ರೆಗರಿಯಣ್ಣ. ನನಗೆ ಎಲ್ಲ ಗೊತ್ತಿದೆ ಎಂದುಕೊಂಡೇ ನೀವು ಬಂದಿರಿ. ಆಫೀಸಿನವರೆದುರು ನಾನು ಗಟ್ಟಿಯಾಗಿ ಪ್ರಶ್ನೆ ಕೇಳುತ್ತಿರುವುದು ನಾಟಕ ಎಂದುಕೊಂಡಿರಿ. ಅದಕ್ಕೇ ಮೇಡಂ ಎಂದಿರಿ. ನನ್ನ ಗಂಡನನ್ನು ಉಳಿಸಲು ಸುಳ್ಳು ಹೇಳುತ್ತ, ಚೆನ್ನಾಗಿ ಮಾಡ್ತಿದ್ದೀರಿ ಎಂದು ನನ್ನ ಕಡೆ ನಕ್ಕಿರಿ. ನಾನು ಆ ನಗುವಿನಲ್ಲಿ ಕಳ್ಳನನ್ನು ಕಂಡೆ.

ಇಲ್ಲಿಗೆ ನಿಂತಿದ್ದರೆ ಇದು ತಪ್ಪು ತಿಳಿವಳಿಕೆ ಎನ್ನಬಹುದಿತ್ತು. ಫೈಲು ಇನ್ನೂ ಮುಚ್ಚಿರಲಿಲ್ಲ. ಹೇಳಿಕೆಯನ್ನು ತಿದ್ದಿಸಿ ಸತ್ಯವನ್ನು ಬರೆಸಲು ಸಮಯವಿತ್ತು. ಹೊಡೆದವನು ಇಂಥವನು, ಅವನಿಗೆ ಇನ್ಶೂರೆನ್ಸ್ ಇಲ್ಲ—ಇಷ್ಟು ಹೇಳಿದ್ದರೆ ನಿಮ್ಮ ಫುಲ್ ಇನ್ಶೂರೆನ್ಸೇ ನಿಮ್ಮ ಕಾರನ್ನು ಸರಿಮಾಡಿಸುತ್ತಿತ್ತು. ಅದು ಇರುವುದೇ ಇಂಥದ್ದಕ್ಕೆ. ವಸೂಲಿಯ ನೋಟಿಸು ದಿನೇಶನಿಗೆ ಬರುತ್ತಿತ್ತು, ದಂಡ ಬೀಳುತ್ತಿತ್ತು. ನನ್ನ ಗಂಡನೇ ಹೊಡೆದ ಕೇಸನ್ನು ನಾನೇ ತಿರಸ್ಕರಿಸಲು ಬರೆದದ್ದು ಹೊರಗೆ ಬರುತ್ತಿತ್ತು. ಕೆಲಸ ಹೋದರೆ ವೀಸಾ, ಮಗಳ ಶಾಲೆ... ಇವನ್ನು ನೆಪವಾಗಿ ಹೇಳುತ್ತಿಲ್ಲ. ಆ ದಿನ ನನ್ನ ತಲೆಯಲ್ಲಿ ಓಡಿದ್ದನ್ನು ಹೇಳುತ್ತಿದ್ದೇನೆ, ಅಷ್ಟೇ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಇಲ್ಲಿಯವರೇ ಆದ ಆ ಹಿರಿಯರು ನಿಧಾನದ ಮನುಷ್ಯ. ನೀವು ಇನ್ನೊಮ್ಮೆ ಪರಿಶೀಲಿಸಿ ಎಂದು ಕೇಳಿಕೊಂಡಿದ್ದಿರಿ. ಅವರಿಗೂ ಯಾಕೋ ನಿಮ್ಮ ಮೇಲೆ ಮನಸ್ಸು ಕರಗಿತ್ತು.

"ನಿಮ್ಮ ಕಡೆಯವರು, ನಿಮ್ಮ ಬಿಲ್ಡಿಂಗಿನವರು ಕೂಡ. ನೀವು ನಂಬಬಹುದು ಎಂದರೆ ಪಾಸ್ ಮಾಡುತ್ತೇನೆ. ಏನು ಹೇಳುತ್ತೀರಿ?"

ಅಷ್ಟು ವರ್ಷ ಆ ಆಫೀಸಿನಲ್ಲಿ ಕೆಲಸ ಮಾಡಿದ್ದರಲ್ಲಿ, ಒಂದು ಕ್ಲೇಮಿನ ಬಗ್ಗೆ ನನ್ನ ಮನಸ್ಸಿನಲ್ಲಿ ಸಾಸಿವೆಯಷ್ಟೂ ಅನುಮಾನ ಇಲ್ಲದ ದಿನ ಅದೊಂದೇ.

"ನನಗೆ ಅನುಮಾನ ಇದೆ ಸರ್" ಎಂದೆ.

"ಖಲಾಸ್" ಎಂದು ಅವರು ಫೈಲು ಮುಚ್ಚಿದರು.

ದಿನೇಶ ಏನೋ ಸ್ವಲ್ಪ ಕೊಡಲು ಬಂದಾಗ ನೀವು ತೆಗೆದುಕೊಳ್ಳಲಿಲ್ಲವಂತೆ. "ದುಡ್ಡು ಬಿಡಿ, ನನ್ನ ಹೆಸರು ಹೋಯ್ತಲ್ಲ" ಎಂದಿರಂತೆ. ಹೆಸರು ಹೋದ ಮೇಲೂ ದಿನೇಶನ ಹೆಸರನ್ನು ಯಾರೆದುರೂ ಎತ್ತಲಿಲ್ಲ. ಮಾತು ಕೊಟ್ಟಾಗಿದೆ ಎಂದಿರಂತೆ. ತಿಂಗಳೊಳಗೆ ಮನೆ ಖಾಲಿ ಮಾಡಿ ತೂಬ್ಲಿಯ ಕಡೆ ಹೋದಿರಿ. ಸಾಮಾನು ಇಳಿಸುವ ದಿನ ನಾನು ಬಾಗಿಲಿನ ಕಿಂಡಿಯಿಂದ ನೋಡುತ್ತ ನಿಂತಿದ್ದೆ. ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದು ನಿಂತಾಗಲೆಲ್ಲ, ಈಗ ಬೆಲ್ ಒತ್ತುತ್ತಾರೆ, ಎಲ್ಲವನ್ನೂ ಗಟ್ಟಿಯಾಗಿ ಹೇಳುತ್ತಾರೆ ಎಂದು ಹೆದರಿದೆ. ನೀವು ಒತ್ತಲಿಲ್ಲ. ಅದರ ಮೇಲೂ ನನಗೆ ಅನುಮಾನ! ಯಾಕೆ ಸುಮ್ಮನಿದ್ದಾರೆ, ಏನು ಹೊಂಚು ಹಾಕುತ್ತಿದ್ದಾರೆ ಎಂದು ಎಷ್ಟೋ ದಿನ ನಿಮ್ಮನ್ನೇ ಕಾದೆ.

ಹೋದ ತಿಂಗಳು ಸೀಫ್‌ನ ಮಾಲ್‌ನಲ್ಲಿ ನೀವಿಬ್ಬರೂ ಎದುರು ಬಂದಿರಿ. ಕೂದಲು ಪೂರ್ತಿ ಬೆಳ್ಳಗಾಗಿದೆ ನಿಮಗೆ.

"ಹುಷಾರಿದ್ದೀರಲ್ಲ? ಮಗಳು ದೊಡ್ಡವಳಾದಳಾ?" ಎಂದು ಕೇಳಿದಿರಿ, ಏನೂ ಆಗದವರ ಹಾಗೆ. ಐರಿನಕ್ಕ ಮುಖ ತಿರುಗಿಸಿ ಅಂಗಡಿಯ ಗಾಜು ನೋಡುತ್ತ ನಿಂತರು. ಅವರ ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಎಲ್ಲ ತಿಳಿದೇ ನಿಮ್ಮನ್ನು ಮುಳುಗಿಸಿದವಳು. ಮೊದಲ ದಿನ ನನಗೆ ಗೊತ್ತಿರಲಿಲ್ಲ ಅಕ್ಕ ಎನ್ನಬೇಕೆಂದು ಬಾಯಿ ತೆರೆದೆ. ಹಾಗೆಂದರೆ ಎರಡನೆಯ ದಿನದ ಬಗ್ಗೆ ಏನು ಹೇಳಲಿ? ಮಗಳು ದೊಡ್ಡವಳಾದಳು ಎಂದಷ್ಟೇ ಹೇಳಿ ಮುಂದೆ ನಡೆದೆ.

ವಾರದ ರಜೆ ಮುಗಿದು ಭಾನುವಾರ ಆಫೀಸು ತೆರೆದ ಕೂಡಲೇ ಮ್ಯಾನೇಜರ್ ಹತ್ತಿರ ಹೋಗುತ್ತೇನೆ. ಕೆಲಸ ಉಳಿಯುವುದಿಲ್ಲ, ಗೊತ್ತು. ದಿನೇಶನಿಗೆ ಹೇಳಿದ್ದೇನೆ, ಅವನು ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ. ಆದರೆ ಅದಕ್ಕೂ ಮೊದಲು, ಈ ಶುಕ್ರವಾರ ಸಂಘದ ಊಟವಿದೆ. ವಾಸಂತಿಯ ಪಕ್ಕದಲ್ಲೇ ಕುಳಿತು, ಅಂದು ಪಿಸುಗುಟ್ಟಿದ್ದು ಸುಳ್ಳೆಂದು ಪಂಕ್ತಿಯ ಕೊನೆಯವರೆಗೆ ಕೇಳುವಂತೆ ಹೇಳುತ್ತೇನೆ.

ಅಲ್ಲಿಂದ ನೇರ ತೂಬ್ಲಿಗೆ, ನಿಮ್ಮ ಮನೆಗೆ. ಐರಿನಕ್ಕ ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳಲು ಬರುತ್ತಿಲ್ಲ. ಅಕ್ಕ, ನಿಮ್ಮ ಯಜಮಾನರ ಮೇಲೆ ನನಗೆ ಅನುಮಾನವೇ ಇರಲಿಲ್ಲ, ಆದರೂ ಇದೆ ಎಂದೆ—ಇಷ್ಟನ್ನು ಹೇಳಿ ಮೆಟ್ಟಿಲಿಳಿಯುತ್ತೇನೆ.