ತೆರೆದಿಟ್ಟ ಊಟದ ಡಬ್ಬಿ

ನಮ್ಮ ಸೀಮೆಯಲ್ಲಿ ಊಟಕ್ಕೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಜಗಳಕ್ಕೆ ಬಂದವರು ಕೂಡ ತಟ್ಟೆ ಕಂಡರೆ ಜಗುಲಿಯ ಮೇಲೆ ಕೂತು ಕಾಯುತ್ತಾರೆ. ಕೈ ತೊಳೆದ ಮೇಲೆಯೇ ಜಗಳ. ಈ ಮರ್ಯಾದೆಯನ್ನು ಹನೂರಿನ ನಮ್ಮ ಸಣ್ಣ ಕಚೇರಿಯಲ್ಲಿ ಕೆಲಸಕ್ಕೆ ಬಳಸಿಕೊಂಡವಳು ಅಕ್ಕ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಪಕ್ಕದ ಮೇಜಿನವಳು, ಕೆಲಸದಲ್ಲಿ ನನಗಿಂತ ಹಿರಿಯಳು. ನಾನು ಯಳಂದೂರಿನಿಂದ ಬರುತ್ತಿದ್ದೆ, ಅವಳ ಮನೆ ಕೊಳ್ಳೇಗಾಲದಲ್ಲಿ. ಅಲ್ಲಿಂದ ಮುಂದಕ್ಕೆ ಇಬ್ಬರೂ ಒಂದೇ ಬಸ್ಸು. ರೈತರ ಪಹಣಿಯಲ್ಲಿ ಬಿದ್ದ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ತಿದ್ದುವುದು ನಮ್ಮ ಕೆಲಸ. ಹೇಳಲು ಸುಲಭ. ಆದರೆ ಕಿಟಕಿಯಲ್ಲಿ ಸದಾ ನಾಲ್ಕಾರು ತಲೆ, ಒಂದು ಕಡೆ ಫೋನು, ಇನ್ನೊಂದು ಕಡೆ ಸಾಹೇಬರ ಗಂಟೆ, ಸಾಲದ್ದಕ್ಕೆ ವಾಟ್ಸಾಪಿನಲ್ಲಿ ಈಗಲೇ ಕಳಿಸಿ ಎಂಬ ಆಜ್ಞೆ. ಈ ಗದ್ದಲದಲ್ಲಿ ಅಕ್ಕ ಒಮ್ಮೆ ಸರ್ವೆ ನಂಬರಿನ ಒಂದು ಅಂಕಿ ತಪ್ಪು ಒತ್ತಿದಳು. ಕೆಲವು ತಿಂಗಳ ನಂತರ ಲೊಕ್ಕನಹಳ್ಳಿಯಿಂದ ಒಬ್ಬ ಮುದುಕ ಬಂದು ನಿಂತ.

"ಆನೆ ತುಳ್ದಿದ್ದು ನನ್ ವಲ ಕಣ್ರವ್ವ. ಪರಿಹಾರ ಪಕ್ಕದ್ ವಲದೋನ್ಗೆ ಓಯ್ತು."

ಅವನು ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಸಂಜೆ ಬಸ್ಸಿನಲ್ಲಿ ಅವಳು, "ನನ್ ತಲೆ ಸಂತೆ ಆಗೋಗದೆ ಕಣಮ್ಮಿ. ದಿನಕ್ಕೊಂದ್ಗಂಟೆ ಯಾರೂ ಮಾತಾಡುಸ್ದಂಗೆ ಇದ್ರೆ ಸಾಕಿತ್ತು," ಎಂದಳು.

ಮಾರನೆಯ ದಿನ ಹನ್ನೆರಡಕ್ಕೇ ಊಟದ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಮೊಸರನ್ನ, ಪಕ್ಕದಲ್ಲಿ ಒಂದು ಉಪ್ಪಿನಕಾಯಿ ಹೋಳು. ಕೈ ಮಾತ್ರ ಕೀಬೋರ್ಡಿನ ಮೇಲೆ. ಕಿಟಕಿಗೆ ಬಂದವರು ಡಬ್ಬಿ ನೋಡಿ, "ಉಣ್ಲಿ ಬುಡಿ, ಕಾಯ್ತೀವಿ," ಎಂದು ಹಿಂದಕ್ಕೆ ಸರಿದರು. ಸಾಹೇಬರೂ ಬಾಗಿಲ ತನಕ ಬಂದು ತಿರುಗಿ ಹೋದರು. ನನಗೆ ನಗು ತಡೆಯಲಾಗಲಿಲ್ಲ. ಕೆಲಸ ಮುಗಿಸಿ ಒಂದು ಗಂಟೆಗೆ ಅವಳು ನಿಜವಾಗಿ ಉಣ್ಣುತ್ತಿದ್ದಳು, ಅದೂ ಗಬಗಬನೆ. ಅಂದಿನಿಂದ ಅವಳ ಕೈಯಲ್ಲಿ ಅಂಕಿ ತಪ್ಪಿದ್ದನ್ನು ನಾನು ಕಾಣೆ. ಅವಳ ಮುಖದ ಸಿಡುಕೂ ಹೋಯಿತು. ಆ ಒಂದು ಗಂಟೆಗೆ ನಾನೇ ಕಾವಲು. ಯಾರಾದರೂ ದನಿ ಎತ್ತಿದರೆ, "ಅಕ್ಕ ಉಣ್ತಾವ್ರೆ, ಕಣ್ಣು ಕಾಣ್ಸಲ್ವಾ?" ಎಂದು ಗದರುತ್ತಿದ್ದೆ. ನನ್ನ ಬಾಯಿ ಮೊದಲಿಂದಲೂ ಜೋರು.

ಮರುವರ್ಷ ಕಚೇರಿಯ ಹಿಂದಿನ ನಾಯಿ ದಪ್ಪಗಾಯಿತು. ಈಗೀಗ ಅಕ್ಕ ಒಂದು ಗಂಟೆಗೆ ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿ ದಿನವೂ ಅದಕ್ಕೆ ಅನ್ನ ಹಾಕುತ್ತಿದ್ದಳು, ಉಂಡು ಉಳಿದದ್ದು ಎಂದುಕೊಂಡಿದ್ದೆ. "ನಿನ್ನ ನಾಯಿ ಸಾಹೇಬ್ರನ್ನ ಮೀರುಸ್ತು," ಎಂದು ರೇಗಿಸಿದರೆ ನಕ್ಕಳು. ರವಿಕೆಯ ತೋಳು ಸಡಿಲವಾದಾಗ, "ಸಣ್ಗಾಗಿ ಚೆನ್ನಾಗಿ ಕಾಣ್ತಿದ್ದೀಯ ಕಣಕ್ಕ," ಎಂದವಳೂ ನಾನೇ. "ಬಸ್ಸಲ್ ನಿಂತ್ಕಂಡ್ ಬಂದು ಬಂದು ಕರಗೋದೆ," ಎಂದು ಮಾತು ಹಾರಿಸಿದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನನ್ನ ಕಣ್ಣಿಗೆ ಪ್ರತ್ಯಕ್ಷವಾಗಿ ಕಾಣುತ್ತಿದ್ದದ್ದು ತೆರೆದ ಡಬ್ಬಿ ಒಂದೇ. ಅದು ಅಕ್ಕ ಉಣ್ಣುತ್ತಿದ್ದಾಳೆ ಎಂದು ಊರಿಗೆಲ್ಲ ಹೇಳುತ್ತಿತ್ತು, ಊರಿನ ಜೊತೆ ನಾನೂ ನಂಬಿದೆ.

ಅವಳು ರಜೆ ಹಾಕಿ ಮೈಸೂರಿನ ಆಸ್ಪತ್ರೆ ಸೇರಿದಾಗ ನೋಡಲು ಹೋದೆ. ಅವಳ ಗಂಡ ಬಾಗಿಲ ಹೊರಗೇ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು: ಹೊಟ್ಟೆಯಲ್ಲಿ ಗಡ್ಡೆ, ಬಹಳ ದಿನದಿಂದ ಅನ್ನ ಒಳಗೆ ಹೋಗುತ್ತಿರಲಿಲ್ಲ. "ಬೆಳಿಗ್ಗೆ ತಿಂಡಿ ಬೇಡ ಅಂದ್ರೂ ಸಂಜೆಗೆ ಡಬ್ಬಿ ಖಾಲಿ ಮಾಡ್ಕಂಡು ಬರೋಳು, ಮಧ್ಯಾನ್ನ ಉಣ್ತಾಳೆ ಅನ್ಕಂಡಿದ್ದೆ ಕಣವ್ವ," ಎಂದು ಗೋಡೆಯ ಕಡೆ ತಿರುಗಿಕೊಂಡರು.

ಒಳಗೆ ಅಕ್ಕನ ಕೈ ಹಿಡಿದು ಜಗಳಕ್ಕೇ ನಿಂತೆ. ಪಕ್ಕದಲ್ಲೇ ಕೂತಿದ್ದೆನಲ್ಲ, ನನಗಾದರೂ ಹೇಳಬಾರದಿತ್ತೇ? ಅವಳು ಹೇಳಿದ್ದು ಇಷ್ಟು: "ಬಾಕಿ ಕೆಲ್ಸ ಮುಗೀಲಿ, ಆಮೇಲ್ ತೋರುಸ್ಕಳ್ಳಾಣ ಅನ್ಕಂಡಿದ್ದೆ ಕಣಮ್ಮಿ. ಆ ಒಂದ್ಗಂಟೆ ಯಾರೂ ಮಾತಾಡುಸ್ತಿರ್ಲಿಲ್ವಲ್ಲ, ನೋವ್ ತಡ್ಕಳಕೂ ಅದೇ ಆಯ್ತು."

ಆ ಒಂದು ಗಂಟೆಗೆ ಕಾವಲಿದ್ದವಳು ನಾನು. ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ.

ಈಗ ಅವಳ ಮೇಜು ನನ್ನದು, ಅವಳ ಬಾಕಿಯೂ ನನ್ನದು. ಗದ್ದಲ ಹಾಗೇ ಇದೆ. ಡಬ್ಬಿಯ ಉಪಾಯ ಮಾತ್ರ ಬೇಡವೆಂದು ಬಹಳ ದಿನ ಹಟ ಹಿಡಿದು ನೋಡಿದೆ, ಆಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನಾನೂ ಡಬ್ಬಿಯ ಮುಚ್ಚಳ ತೆಗೆದಿಟ್ಟೆ. ಜನ ಸರಿದು ನಿಂತರು. ಕಚೇರಿ ತಣ್ಣಗಾಯಿತು. ಅಂಕಿಗಳು ಒಂದೊಂದಾಗಿ ಸರಿಯಾಗಿ ಕಾಣತೊಡಗಿದವು. ಅಕ್ಕ ಹುಡುಕಿಕೊಂಡ ಸುಖ ಎಂಥದೆಂದು ಅವತ್ತು ಗೊತ್ತಾಗಿ ಅಳು ಬಂತು.

ಕಿಟಕಿಯ ಹೊರಗೆ ಧನಗೆರೆಯ ಅಜ್ಜಿಯೊಬ್ಬಳು ಸರದಿ ಕಾಯುತ್ತಿದ್ದಳು. ಅವಳು ಕಂಬಿ ಹಿಡಿದು ಒಳಗೆ ಬಗ್ಗಿ ನೋಡಿದಳು.

"ಆವಾಗ್ಲಿಂದ ನೋಡ್ತಾವ್ನಿ, ಒಂದ್ ತುತ್ತೂ ಎತ್ನಿಲ್ವಲ್ಲ ಮಗ. ಮೈಗ್ ಉಸಾರಿಲ್ವಾ?"

ಅಷ್ಟು ತಿಂಗಳು ಅಷ್ಟು ಜನ ಆ ಕಿಟಕಿಯಲ್ಲಿ ನಿಂತು ಹೋದರು. ನಾನು ಮಾರು ದೂರದಲ್ಲಿ ಕೂತಿದ್ದೆ. ಅಕ್ಕನನ್ನು ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ.

"ಚೆನ್ನಾಗಿವ್ನಿ ಅಜ್ಜಿ," ಎಂದೆ. ಅವಳು ನಂಬಲೆಂದು ಒಂದು ತುತ್ತು ಎತ್ತಿ ಬಾಯಿಗಿಟ್ಟುಕೊಂಡೆ. ನುಂಗಲು ಆಗಲಿಲ್ಲ.